ಫ್ಲೈಟಿಗೆ ಏನ್ ಹಾಕ್ಕೊಂಡು ಹೋಗೋದು, ಗೇಟಲ್ಲಿ ಯಾರೂ ತಡೀಬಾರ್ದು ಅಂದ್ರೆ

ಫ್ಲೈಟಲ್ಲಿ ಹೋಗೋರಿಗೆ ಡ್ರೆಸ್ ಕೋಡ್ ಅಂತ ಏನಾದ್ರೂ ಇದ್ಯಾ ಅಂತ ಕೇಳಿದ್ರೆ ಕೆಲವ್ರು ದುಡ್ಡು ಕೊಟ್ಟು ಟಿಕೆಟ್ ತಗೊಂಡಿರ್ತೀವಿ ನಮ್ಮಿಷ್ಟ ಅಂತಾರೆ, ಇನ್ನು ಕೆಲವ್ರು ಯಾವ್ದೋ ವೀಡಿಯೋ ನೋಡ್ಕೊಂಡು ಬಂದು ಲೆಗ್ಗಿಂಗ್ಸ್ ಹಾಕಿದ್ರೆ ಇಳಿಸಿಬಿಡ್ತಾರಂತೆ ಅಂತ ಹೆದರಿಸ್ತಾರೆ. ವಿಷಯ ಏನಂದ್ರೆ ರೂಲ್ ಇದೆ, ಆದ್ರೆ ಹೆಚ್ಚಿನ ಕಡೆ ಅದು ಒಂದೆರಡು ಸಾಲು, ಅದೂ ಮುಸುಕು ಮುಸುಕಾಗಿ ಬರ್ದಿರೋದು, ಅದಕ್ಕೆ ಅರ್ಥ ಹಚ್ಚೋರು ಆ ಹೊತ್ತಿಗೆ ಗೇಟಲ್ಲಿ ನಿಂತಿರೋ ಸ್ಟಾಫು. ಬೆಳಗ್ಗೆ ಫ್ಲೈಟಲ್ಲಿ ಯಾರೂ ಕೇಳದೇ ಇದ್ದ ಟಾಪಿಗೆ ಸಂಜೆ ಫ್ಲೈಟಲ್ಲಿ ತಕರಾರು ಬರಬಹುದು. ಹಂಗಾಗಿ ಇದು ನಡಿಯುತ್ತಾ ಅದು ನಡಿಯುತ್ತಾ ಅಂತ ತಲೆ ಕೆಡಿಸ್ಕೊಳ್ಳೋದು ಬಿಟ್ಟು, ಅವ್ರು ನಿಮ್ಮ ಬಟ್ಟೆ ಕಡೆ ಎರಡನೇ ಸಲ ತಿರುಗಿ ನೋಡೋ ಸಂದರ್ಭಾನೇ ಬರದ ಹಂಗೆ ಮಾಡ್ಕೊಂಡ್ರೆ ಸಾಕು.

ಮೊದ್ಲು ನಿಮ್ಮ ಏರ್‌ಲೈನ್ ರೂಲ್ ಹುಡುಕಿ. ವೆಬ್‌ಸೈಟಿನ ತೀರಾ ಕೆಳಗೆ ಕಂಡೀಷನ್ಸ್ ಆಫ್ ಕ್ಯಾರೇಜ್ ಅಥವಾ ಕಾಂಟ್ರ್ಯಾಕ್ಟ್ ಆಫ್ ಕ್ಯಾರೇಜ್ ಅಂತ ಒಂದು ಲಿಂಕ್ ಇರತ್ತೆ, ಬುಕ್ ಮಾಡುವಾಗ ಓದದೇ ಟಿಕ್ ಹಾಕಿರ್ತೀವಲ್ಲ ಅದೇ. ತುಂಬಾ ಉದ್ದ ಇರತ್ತೆ, ಪೂರ್ತಿ ಓದೋಕೆ ಹೋಗ್ಬೇಡಿ, ಸರ್ಚ್ ಬಾಕ್ಸಲ್ಲಿ ಬೇರ್‌ಫುಟ್, ಕ್ಲೋದಿಂಗ್, ಅಟೈರ್ ಅಂತ ಇಂಗ್ಲಿಷಲ್ಲಿ ಹೊಡೀರಿ, ಸಾಮಾನ್ಯವಾಗಿ ಪ್ರಯಾಣಿಕರನ್ನ ಹತ್ತಿಸ್ಕೊಳ್ಳದೇ ಇರೋಕೆ ಕಾರಣಗಳು ಅಂತ ಇರೋ ಭಾಗದಲ್ಲಿ ಸಿಗತ್ತೆ. ಅಮೆರಿಕನ್ ಏರ್‌ಲೈನ್ಸ್‌ದು ನೋಡಿದ್ರೆ ಬರಿಗಾಲು ಬೇಡ, ಬೇರೆಯವ್ರಿಗೆ ಅಸಹ್ಯ ಅನ್ನಿಸೋ ಬಟ್ಟೆ ಬೇಡ, ಹೆಚ್ಚುಕಮ್ಮಿ ಇಷ್ಟೇ. ಅಸಹ್ಯ ಅಂದ್ರೆ ಯಾರ ಲೆಕ್ಕದಲ್ಲಿ ಅಂತ ಹೇಳಲ್ಲ. ಸ್ಪಿರಿಟ್ ಏರ್‌ಲೈನ್ಸ್ 2025ರ ಜನವರಿಯಲ್ಲಿ ಸ್ವಲ್ಪ ಬಿಡಿಸಿ ಬರೀತು, ಒಳಗೆ ಕಾಣೋ ಅಂಥ ತೆಳು ಬಟ್ಟೆ, ಎದೆ, ಹಿಂಭಾಗ, ಗುಪ್ತಾಂಗ ಕಾಣೋದು, ಅಶ್ಲೀಲ ಟ್ಯಾಟೂ ಇದೆಲ್ಲ ಇದ್ರೆ ಹತ್ತಿಸಲ್ಲ ಅಂತ. ಸೌದಿಯಾ ಏರ್‌ಲೈನ್ಸ್ ಇನ್ನೂ ಕಟ್ಟುನಿಟ್ಟು, ಹೆಂಗಸರು ಕೈಕಾಲು ಕಾಣೋ ಬಟ್ಟೆ, ತೀರಾ ತೆಳುವಾದ್ದು, ಬಿಗಿಯಾದ್ದು ಹಾಕ್ಬಾರ್ದು, ಗಂಡಸರು ಚಡ್ಡಿ ಹಾಕ್ಬಾರ್ದು ಅಂತ ಸೈಟಲ್ಲೇ ಹಾಕಿದ್ದು ಒಂದು ಸಲ ದೊಡ್ಡ ಸುದ್ದಿ ಆಗಿತ್ತು.

ಆ ಲೆಗ್ಗಿಂಗ್ಸ್ ಕತೆಗೆ ಬರೋಣ. 2017ರ ಮಾರ್ಚಲ್ಲಿ ಡೆನ್ವರ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ ಇಬ್ಬರು ಹುಡುಗೀರನ್ನ ಲೆಗ್ಗಿಂಗ್ಸ್ ಅಂತ ಹತ್ತಿಸ್ಲಿಲ್ಲ, ಅದು ನಿಜ. ಆದ್ರೆ ಅವ್ರು ದುಡ್ಡು ಕೊಟ್ಟು ಬಂದೋರಲ್ಲ, ಏರ್‌ಲೈನ್ ಸಿಬ್ಬಂದಿಗೆ ಸಿಗೋ ಪಾಸ್ ಮೇಲೆ ಹೊರಟಿದ್ರು. ಸ್ಟಾಫ್ ಪಾಸಲ್ಲಿ ಹೋಗೋರನ್ನ ಕಂಪನಿ ಕಡೆಯೋರು ಅಂತಲೇ ನೋಡ್ತಾರೆ, ಅವ್ರಿಗೆ ಬೇರೆ ಡ್ರೆಸ್ ಕೋಡು. ನಿಮ್ಮ ಮನೇಲಿ ಯಾರಾದ್ರೂ ಏರ್‌ಲೈನಲ್ಲಿ ಕೆಲ್ಸ ಮಾಡ್ತಿದ್ದು ಆ ಪಾಸಲ್ಲಿ ಹೋಗೋದಾದ್ರೆ ಅವ್ರನ್ನೇ ಕೇಳಿ, ಯಾಕಂದ್ರೆ ನಿಮ್ಮ ಬಟ್ಟೆಯಿಂದ ತೊಂದ್ರೆ ಆಗೋದು ಅವ್ರ ಪಾಸಿಗೆ. ಮಾಮೂಲಿ ಟಿಕೆಟ್ ಇರೋರು ಲೆಗ್ಗಿಂಗ್ಸ್, ಟ್ರ್ಯಾಕ್ ಪ್ಯಾಂಟು, ಚಡ್ಡಿ ಏನು ಬೇಕಾದ್ರೂ ಹಾಕ್ಕೊಂಡು ಹೋಗಿ, ಹೆಚ್ಚಿನ ಕಡೆ ಯಾರೂ ಕೇಳಲ್ಲ. 2025ರ ನವೆಂಬರಲ್ಲಿ ಅಮೆರಿಕದ ಸಾರಿಗೆ ಮಂತ್ರಿ ಶಾನ್ ಡಫಿ ಪೈಜಾಮ, ಸ್ಲಿಪ್ಪರ್ ಹಾಕ್ಕೊಂಡು ಏರ್‌ಪೋರ್ಟಿಗೆ ಬರ್ಬೇಡ್ರಪ್ಪ, ಸ್ವಲ್ಪ ನೀಟಾಗಿ ಬನ್ನಿ ಅಂದಿದ್ದು ಬರೀ ಮನವಿ, ಅದನ್ನ ಹಿಡ್ಕೊಂಡು ಯಾರೂ ನಿಮ್ಮನ್ನ ತಡೆಯೋ ಹಂಗಿಲ್ಲ.

ನಿಜವಾಗ್ಲೂ ಸಿಕ್ಕಿಹಾಕ್ಕೊಳ್ಳೋದು ಬರಹ ಇರೋ ಟೀಶರ್ಟಲ್ಲಿ. ಬೈಗುಳ, ಬಾಂಬ್ ಜೋಕು, ಅಶ್ಲೀಲ ಚಿತ್ರ, ಇವೆಲ್ಲ ಸ್ನೇಹಿತರ ಮಧ್ಯೆ ತಮಾಷೆ, ಗೇಟಲ್ಲಿ ಅಲ್ಲ. ತಪ್ಪೇನೂ ಇಲ್ಲದ ಬರಹಕ್ಕೂ ರಗಳೆ ಆಗಿದೆ, 2006ರಲ್ಲಿ ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಲ್ಲಿ ನಾವು ಸುಮ್ಮನಿರಲ್ಲ ಅಂತ ಅರೇಬಿಕ್ಕಲ್ಲೂ ಇಂಗ್ಲಿಷಲ್ಲೂ ಬರ್ದಿದ್ದ ಟೀಶರ್ಟನ್ನ ಒಬ್ಬ ಪ್ರಯಾಣಿಕನ ಕೈಲಿ ಮುಚ್ಚಿಸಿದ್ರು, ಆಮೇಲೆ ಕೇಸ್ ಆಗಿ 2009ರಲ್ಲಿ 2,40,000 ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. ನ್ಯಾಯ ಸಿಕ್ತು, ಆದ್ರೆ ಎರಡೂವರೆ ವರ್ಷ ಆದ್ಮೇಲೆ. ನಿಮಗೆ ಆ ದಿನ ಊರು ತಲುಪೋದು ಮುಖ್ಯ ಅನ್ನೋದಾದ್ರೆ ಪ್ಲೇನ್ ಟೀಶರ್ಟ್ ಹಾಕ್ಕೊಳ್ಳಿ.

ಈಗ ಕಾಲಿಗೆ ಏನು ಹಾಕೋದು ಅನ್ನೋದು, ಇದನ್ನ ನಾನು ಸ್ವಲ್ಪ ಜಾಸ್ತಿನೇ ಹೇಳ್ತೀನಿ ಯಾಕಂದ್ರೆ ಬಾಕಿದ್ದೆಲ್ಲ ಮರ್ಯಾದೆ ಪ್ರಶ್ನೆ, ಇದು ಜೀವದ್ದು. ದೊಡ್ಡ ವಿಮಾನಗಳಿಗೆ ಸರ್ಟಿಫಿಕೇಟ್ ಕೊಡೋ ಮುಂಚೆ ಅರ್ಧ ಬಾಗಿಲು ಮಾತ್ರ ಬಳಸಿ 90 ಸೆಕೆಂಡಲ್ಲಿ ಎಲ್ರೂ ಹೊರಗೆ ಬರೋಕೆ ಆಗತ್ತೆ ಅಂತ ತೋರಿಸ್ಬೇಕು. ನಿಜವಾಗ್ಲೂ ಹಂಗೆ ಇಳಿಯೋ ಪರಿಸ್ಥಿತಿ ಬಂದ್ರೆ ಶೂ ಹುಡುಕ್ತಾ ಕೂರೋಕೆ ಟೈಮ್ ಇರಲ್ಲ. ಹೈ ಹೀಲ್ಸ್ ಇದ್ರೆ ಬಿಚ್ಚು ಅಂತಾರೆ, ಅದು ಬಾಗಿಲಿಂದ ಜಾರಿ ಇಳಿಯೋಕೆ ಬಿಚ್ಚೋ ಗಾಳಿ ತುಂಬಿದ ಸ್ಲೈಡನ್ನ ಹರಿದುಬಿಡಬಹುದು ಅಂತ, ಆಗ ನೀವು ಒಡೆದ ಗಾಜು, ಬಿಸಿ ಲೋಹ, ಚೆಲ್ಲಿದ ಇಂಧನ ಏನೇ ಇರ್ಲಿ ಅದರ ಮೇಲೆ ಬರಿಗಾಲಲ್ಲಿ ಓಡ್ಬೇಕು. ಹವಾಯಿ ಚಪ್ಪಲಿ ಸ್ಲೈಡ್ ಮೇಲೆನೇ ಉಳ್ಕೊಳ್ಳತ್ತೆ. 2024ರ ಜನವರಿ 2ಕ್ಕೆ ಟೋಕಿಯೋದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನಕ್ಕೆ ಬೆಂಕಿ ಹತ್ತಿದಾಗ ಒಳಗಿದ್ದ 379 ಜನಾನೂ ಹೊರಗೆ ಬಂದ್ರು, ಸಾಮಾನು ಬಿಟ್ಟು ಬನ್ನಿ ಅಂದಿದ್ದಕ್ಕೆ ಬಿಟ್ಟು ಬಂದ್ರು. ಅಂದ್ರೆ ಅಂಥ ಹೊತ್ತಲ್ಲಿ ನಿಮ್ಮ ಜೊತೆ ಇರೋದು ಮೈಮೇಲೆ ಏನಿದೆಯೋ ಅಷ್ಟೇ. ಅದಕ್ಕೇ ಲೇಸ್ ಕಟ್ಟೋ ಶೂ ಇಲ್ಲಾ ಹಿಂದೆ ಪಟ್ಟಿ ಇರೋ ಫ್ಲಾಟ್ ಚಪ್ಪಲಿ, ಟೇಕಾಫ್ ಲ್ಯಾಂಡಿಂಗ್ ಹೊತ್ತಲ್ಲಂತೂ ಕಾಲಲ್ಲೇ ಇರ್ಲಿ. ಬಟ್ಟೆನೂ ಆದಷ್ಟು ಕಾಟನ್ನು, ಉಣ್ಣೆ, ಉದ್ದ ಪ್ಯಾಂಟು. ನೈಲಾನ್, ಪಾಲಿಯೆಸ್ಟರ್ ಬೆಂಕಿ ಬಿಸಿಗೆ ಕರಗಿ ಚರ್ಮಕ್ಕೆ ಅಂಟ್ಕೊಳ್ಳತ್ತೆ.

ಮತ್ತೆ ತುಂಬಾ ಹೊತ್ತು ಕೂತ್ರೆ ಕಾಲು ಊದ್ಕೊಳ್ಳತ್ತೆ, ಹಂಗಾಗಿ ಹೊಸ ಬಿಗಿ ಶೂ ಅವತ್ತೇ ಉದ್ಘಾಟನೆ ಮಾಡ್ಬೇಡಿ. ಮಧ್ಯೆ ಶೂ ಬಿಚ್ಚಿ ಸಾಕ್ಸಲ್ಲಿ ಕೂತ್ರೆ ಯಾರೂ ಬೇಡ ಅನ್ನಲ್ಲ, ಆದ್ರೆ ಅದೇ ಸಾಕ್ಸಲ್ಲಿ ಟಾಯ್ಲೆಟ್ಟಿಗೆ ಹೋಗ್ತಾರಲ್ಲ, ಆ ನೆಲದ ಮೇಲಿರೋದು ನೀರೇ ಅಂತ ಅವ್ರಿಗೆ ಯಾರ್ ಹೇಳಿದ್ರೋ ಗೊತ್ತಿಲ್ಲ.

ಸೆಕ್ಯೂರಿಟಿಗೆ ಬಂದ್ರೆ, ಬೆಲ್ಟಿನ ದೊಡ್ಡ ಬಕಲ್ಲು, ಲೋಹದ ಜರಿ, ಚಮ್ಕಿ ಕೆಲಸ, ತುಂಬಾ ಜೇಬಿರೋ ಪ್ಯಾಂಟು, ದೊಗಳೆ ಬಟ್ಟೆ, ಇವೆಲ್ಲ ಸ್ಕ್ಯಾನರಲ್ಲಿ ಏನೋ ಇದೆ ಅಂತ ತೋರಿಸಿ ನಿಮ್ಮನ್ನ ಪಕ್ಕಕ್ಕೆ ನಿಲ್ಲಿಸಿ ತಡವಿ ನೋಡೋ ಹಂಗೆ ಮಾಡತ್ತೆ. ಅಮೆರಿಕದಲ್ಲಿ 2025ರ ಜುಲೈಯಿಂದ ಶೂ ಬಿಚ್ಚೋ ರೂಲ್ ತೆಗೆದ್ರು, ಆದ್ರೂ ಮಶೀನ್ ಕೂಗಿದ್ರೆ ಬಿಚ್ಚಿಸ್ತಾರೆ, ಬೇರೆ ದೇಶಗಳಲ್ಲಿ ಒಂದೊಂದು ಕಡೆ ಒಂದೊಂಥರ. ತಲೆ ಮೇಲೆ ಧಾರ್ಮಿಕ ಬಟ್ಟೆ ಇರೋರು ತೆಗೀಬೇಕಾಗಿ ಬಂದ್ರೆ ಖಾಸಗಿ ರೂಮು, ತಮ್ಮದೇ ಲಿಂಗದ ಆಫೀಸರ್ ಬೇಕು ಅಂತ ಮೊದ್ಲೇ ಕೇಳಿ, ಮುಜುಗರ ಪಟ್ಕೊಳ್ಳೋದೇನಿಲ್ಲ.

ಇಳಿಯೋ ದೇಶದ್ದೂ ನೋಡ್ಕೊಳ್ಳಿ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್ ಇಲ್ಲೆಲ್ಲ ಮಿಲಿಟರಿ ಡಿಸೈನಿನ ಬಟ್ಟೆ ಸಾಮಾನ್ಯ ಜನ ಹಾಕೋದು ಕಾನೂನು ಪ್ರಕಾರ ತಪ್ಪು, ಮಗೂಗೆ ಆಸೆಪಟ್ಟು ತಗೊಂಡ ಚಡ್ಡಿ ಆದ್ರೂ ಅಷ್ಟೇ. ಲೌಂಜಿಗೆ ಹೋಗೋರಿಗೂ ಬೇರೆ ರೂಲ್ ಇರಬಹುದು, ಕ್ವಾಂಟಾಸ್ ಏರ್‌ಲೈನ್ 2015ರಿಂದ ಆಸ್ಟ್ರೇಲಿಯಾದ ಲೌಂಜುಗಳಲ್ಲಿ ಹವಾಯಿ ಚಪ್ಪಲಿ ಹಾಕಿದೋರನ್ನ ವಾಪಸ್ ಕಳ್ಸೋಕೆ ಶುರು ಮಾಡ್ತು, ಅದೇ ಚಪ್ಪಲೀಲಿ ವಿಮಾನ ಮಾತ್ರ ಹತ್ತಬಹುದು. ಇನ್ನು ವಾಸನೆ. ಕೆಲವು ಕಾಂಟ್ರ್ಯಾಕ್ಟುಗಳಲ್ಲಿ ಬಟ್ಟೆ ಜೊತೆಗೇ ಇದನ್ನೂ ಸೇರಿಸಿರ್ತಾರೆ, ಬೆವರಿನ ಶರ್ಟ್ ಬದಲಾಯಿಸಿ, ಹಂಗಂತ ಸೆಂಟ್ ಸುರ್ಕೋಬೇಡಿ.

ಇಷ್ಟೆಲ್ಲದಕ್ಕೂ ಸೇರಿ ಒಂದೇ ಉಪಾಯ: ಮುಂದೆ ಬಟನ್ ಇರೋ ಒಂದು ಫುಲ್ ತೋಳಿನ ಶರ್ಟು ಇಲ್ಲಾ ಜಿಪ್ಪಿನ ಹೂಡಿ, ಪ್ಲೇನ್ ಬಣ್ಣದ್ದು, ಕೈಲಿರೋ ಬ್ಯಾಗಿನ ಮೇಲ್ಗಡೆ ಇಟ್ಕೊಳ್ಳಿ. ಚೆಕ್-ಇನ್ ಬ್ಯಾಗಲ್ಲಿ ಹೋಗಿದ್ರೆ ಇದ್ದೂ ಇಲ್ಲದ ಹಂಗೆ. ಟಾಪ್ ಚಿಕ್ಕದಾಯ್ತು ಅಂದ್ರೆ ಮೇಲೆ ಹಾಕ್ಕೋಬಹುದು, ಟೀಶರ್ಟ್ ಬರಹ ಮುಚ್ಚಬಹುದು, ರಾತ್ರಿ ಕ್ಯಾಬಿನ್ ತಣ್ಣಗಾದಾಗ ಹೊದ್ಕೋಬಹುದು.

ಅಷ್ಟಾದ್ರೂ ಗೇಟಲ್ಲಿ ತಡೆದ್ರೆ ಯಾಕೆ ಅಂತ ವಾದ ಶುರು ಮಾಡ್ಬೇಡಿ, ಏನ್ ಬದಲಾಯಿಸ್ಬೇಕು ಹೇಳಿ ಅಂತ ಕೇಳಿ. ಹೆಚ್ಚಿನ ಸಲ ಅಲ್ಲಿಗೇ ಮುಗಿಯತ್ತೆ. ಕೂಗಾಡಿದ್ರೆ ವಿಷಯ ಬಟ್ಟೆಯಿಂದ ನಡವಳಿಕೆಗೆ ತಿರುಗತ್ತೆ, ವಿಮಾನದ ಬಾಗಿಲು ಹಾಕಿದ ಮೇಲಂತೂ 1963ರ ಟೋಕಿಯೋ ಒಪ್ಪಂದದ ಪ್ರಕಾರ ಶಿಸ್ತಿನ ವಿಷಯದಲ್ಲಿ ಕ್ಯಾಪ್ಟನ್‌ಗೆ ಇರೋ ಅಧಿಕಾರ ಸಣ್ಣದಲ್ಲ. ಅವ್ರು ಹೇಳಿದ್ದು ಅನ್ಯಾಯ ಅನ್ನಿಸಿದ್ರೆ ಯಾವ ರೂಲ್ ಪ್ರಕಾರ ಅಂತ ಮೆಲ್ಲಗೆ ಕೇಳಿ ನೋಟ್ ಮಾಡ್ಕೊಳ್ಳಿ, ಗೇಟ್ ನಂಬರ್, ಟೈಮು, ನೀವು ಹಾಕಿದ್ದ ಬಟ್ಟೆ ಕಾಣೋ ಹಂಗೆ ಒಂದು ಫೋಟೋ, ಬೋರ್ಡಿಂಗ್ ಪಾಸು ಇಟ್ಕೊಂಡು ಇಳಿದ ಮೇಲೆ ಬರವಣಿಗೇಲಿ ಕಂಪ್ಲೇಂಟ್ ಕಳ್ಸಿ. ಹತ್ತಿಸಲ್ಲ ಅಂತಲೇ ಅಂದ್ಬಿಟ್ರೆ ಅಲ್ಲೇ ಕೌಂಟರಲ್ಲಿ ಮುಂದಿನ ಫ್ಲೈಟಿಗೆ ಹಾಕಿಕೊಡಿ ಅಂತ ಕೇಳಿ, ಹತ್ತಿಸದೇ ಇದ್ದ ಕಾರಣನ ಬರ್ದು ಕೊಡಿ ಅನ್ನಿ, ಮನೆಗೆ ಬಂದು ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ ಆ ಕಾಗದ ಸಿಗೋದು ಕಷ್ಟ.