ಹದಿನೈದು ಸಾವಿರದೊಳಗೆ ಒಂದು ಧಾರೆ ಸೀರೆ

ನಮ್ಮಲ್ಲಿ ಧಾರೆ ಸೀರೆಯನ್ನು ಗಂಡಿನ ಮನೆಯವರು ತರುವುದು ರೂಢಿ. 2022ರ ಜೂನ್ ತಿಂಗಳಲ್ಲಿ ನಿಶ್ಚಿತಾರ್ಥ ಮುಗಿದ ಮೇಲೆ ನನ್ನ ಭಾವೀ ಅತ್ತೆಯವರು ಅಮ್ಮನ ಕೈಗೆ 15,000 ರೂಪಾಯಿ ಕೊಟ್ಟು, "ಉಡುವವಳು ಅವಳು, ಆರಿಸುವವಳೂ ಅವಳೇ ಆಗಲಿ. ಆದರೆ ರವಿಕೆ, ಕುಚ್ಚು ಎಲ್ಲ ಸೇರಿ ಇಷ್ಟರಲ್ಲೇ ಮುಗಿಸಿಕೊಳ್ಳಿ" ಎಂದರು. ಮದುವೆ ಡಿಸೆಂಬರ್‌ನಲ್ಲಿ, ಮಾರ್ಗಶಿರ ಮಾಸಕ್ಕೆ ನಿಶ್ಚಯವಾಗಿತ್ತು. ನನಗೆ ಆರು ತಿಂಗಳು ಸಮಯವಿತ್ತು. ಸೀರೆಯ ಬಗ್ಗೆ ತಿಳಿವಳಿಕೆ ಮಾತ್ರ ಏನೇನೂ ಇರಲಿಲ್ಲ.

ಇರಲಿಲ್ಲ ಎಂಬುದು ಗೊತ್ತಾದದ್ದು ನಿಶ್ಚಿತಾರ್ಥದ ಸೀರೆಯಿಂದಲೇ. ಅದನ್ನು ಒಂದು ದೊಡ್ಡ ಅಂಗಡಿಯಲ್ಲಿ ಅಪ್ಪಟ ರೇಷ್ಮೆಯೆಂದು ನಂಬಿ 7,500 ರೂಪಾಯಿ ಕೊಟ್ಟು ತಂದಿದ್ದೆವು. ಏಳು ಜನ ಹೋಗಿ, ನಾಲ್ಕು ಗಂಟೆ ಕೂತು, ಕೊನೆಗೆ ದಣಿವಿನಲ್ಲಿ ಒಪ್ಪಿದ ಸೀರೆ ಅದು. ಕುಚ್ಚು ಹಾಕುವ ಹೆಂಗಸು ಸೆರಗಿನ ತುದಿಯ ನೂಲನ್ನು ಬೆರಳಿನಲ್ಲಿ ಹೊಸೆದು ನೋಡಿ, ಏನೂ ಹೇಳದೆ ಎರಡೆಳೆ ಕಿತ್ತು ಬೆಂಕಿಕಡ್ಡಿ ಗೀರಿದಳು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗಬೇಕಿತ್ತು. ನಮ್ಮ ನೂಲು ಕರಗಿ, ಸಾಸಿವೆಯಂಥ ಗಟ್ಟಿ ಮಣಿಯಾಗಿ ನಿಂತಿತು. ಬಿಲ್ಲಿನಲ್ಲಿ 'ಫ್ಯಾನ್ಸಿ ಸೀರೆ' ಎಂದಷ್ಟೇ ಬರೆದಿದ್ದರಿಂದ ಅಂಗಡಿಯವರನ್ನು ಕೇಳುವಂತೆಯೂ ಇರಲಿಲ್ಲ. ಅಂದಿನಿಂದ ಬಿಲ್ಲಿನಲ್ಲಿ ಏನು ಬರೆಯುತ್ತಾರೆ ಎಂಬುದನ್ನು ಓದದೆ ಹಣ ಕೊಟ್ಟಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಮದುವೆಗಳಿಲ್ಲದ ತಿಂಗಳಾದ್ದರಿಂದ ರೇಷ್ಮೆ ಅಂಗಡಿಗಳಲ್ಲಿ ರಿಯಾಯಿತಿ. ಧಾರೆ ಸೀರೆಯನ್ನೂ ಆಗಲೇ ತೆಗೆದುಬಿಡೋಣ ಎಂದರೆ ಅಮ್ಮ ಸುತರಾಂ ಒಪ್ಪಲಿಲ್ಲ. ನೆಂಟರಿಗೆ ಕೊಡುವ ಹನ್ನೊಂದು ಸೀರೆಗಳಿಗೆ ಮಾತ್ರ ಅಡ್ಡಿ ಹೇಳಲಿಲ್ಲ; ಅವನ್ನು ಆಷಾಢದಲ್ಲೇ ತಂದು ಮುಗಿಸಿದೆವು. ಕೊಡುವ ಸೀರೆಗೆ ಇಲ್ಲದ ದೋಷ ಉಡುವ ಸೀರೆಗೆ ಹೇಗೆ ಬರುತ್ತದೆಂದು ನಾನು ಕೇಳಲಿಲ್ಲ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬದ ನೂಕುನುಗ್ಗಲು. ಹೀಗಾಗಿ ಗೌರಿ-ಗಣೇಶ ಹಬ್ಬ ಕಳೆದು ಪಿತೃಪಕ್ಷ ಹಿಡಿಯುವ ಮೊದಲಿನ ಕೆಲವೇ ದಿನಗಳು ನಮಗೆ ಉಳಿದವು.

ಈ ನಡುವೆ ನಾನು ಅಂಗಡಿಗಳಿಗೆ ಒಬ್ಬಳೇ ಹೋಗಿ, ಕೊಳ್ಳದೆ, ಬರಿದೇ ಕೇಳಿಕೊಂಡು ಬರುವುದನ್ನು ಅಭ್ಯಾಸ ಮಾಡಿಕೊಂಡೆ. ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಎಲ್ಲವೂ ಅಪ್ಪಟ ಎಂದುಕೊಂಡಿದ್ದ ನನಗೆ, ಅದು ನೂಲು ರೇಷ್ಮೆಯೆಂಬುದಕ್ಕೆ ಮಾತ್ರ ಖಾತರಿಯೆಂದೂ, ಜರಿ ಯಾವುದು, ನೇಯ್ದದ್ದು ಕೈಮಗ್ಗದಲ್ಲೋ ವಿದ್ಯುತ್ ಮಗ್ಗದಲ್ಲೋ ಎಂಬುದನ್ನು ಅದು ಹೇಳುವುದಿಲ್ಲವೆಂದೂ ತಿಳಿದದ್ದು ಹೀಗೆ. ಮೈಸೂರು ಸಿಲ್ಕ್ ಮಳಿಗೆಗೂ ಹೋಗಿಬಂದೆ. ಅಲ್ಲಿ ಬಳಸುವುದು ಬೆಳ್ಳಿ ಬಂಗಾರದ ಜರಿಯಾದ್ದರಿಂದ ಮನಸ್ಸಿಗೆ ಬಂದ ಸೀರೆಯ ಬೆಲೆ ನಮ್ಮ ಲೆಕ್ಕವನ್ನು ಬಹಳ ಮೀರಿತ್ತು.

ನಮ್ಮೂರು ಚಿತ್ರದುರ್ಗ. ಅದೇ ಜಿಲ್ಲೆಯ ಮೊಳಕಾಲ್ಮೂರು ಸೀರೆ ಭೌಗೋಳಿಕ ಸೂಚಿಕೆ (ಜಿಐ ಗುರುತು) ಪಡೆದ ಸೀರೆ. ಅಷ್ಟು ಹತ್ತಿರವಿದ್ದೂ ನಾವು ಯಾರೂ ಅಲ್ಲಿ ಸೀರೆ ಕೊಳ್ಳಲು ಹೋದವರಲ್ಲ. ಸೆಪ್ಟೆಂಬರ್ ಮೊದಲ ವಾರ ಅಮ್ಮ ಮತ್ತು ನಾನು ಬಸ್ಸಿನಲ್ಲಿ ಹೋದೆವು. ನೇಕಾರರ ಮನೆಗೆ ಹೋದರೆ ಮಗ್ಗದಿಂದ ನೇರವಾಗಿ ಸೀರೆ ಸಿಗುತ್ತದೆಂಬ ನಮ್ಮ ಎಣಿಕೆ ಅಲ್ಲಿಗೆ ಹೋದ ಅರ್ಧ ಗಂಟೆಯಲ್ಲೇ ತಪ್ಪಾಯಿತು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದವರು, "ನೂಲು, ಜರಿ ಎಲ್ಲ ಮಾಲೀಕರದ್ದು ತಾಯಿ, ನಮ್ಮದು ಕೂಲಿ ಮಾತ್ರ. ಸೀರೆ ಮಾರೋ ಹಕ್ಕು ನಮಗಿಲ್ಲ" ಎಂದು ಹೇಳಿ, ನೂಲು ಕೊಡುವ ಮಾಲೀಕರ ಮನೆಯನ್ನು ತೋರಿಸಿದರು.

ಆ ಮನೆಯ ಹಿರಿಯರು ನಮಗೆ ಸೀರೆ ತೋರಿಸುವ ಮುನ್ನ ಎಷ್ಟು ಹಣವಿದೆಯೆಂದು ಕೇಳಿದರು. ನಾನು ಮುಚ್ಚಿಡದೆ, ಸೀರೆಗೆ ಮಾತ್ರ 13,000 ಎಂದೆ. ಚೌಕಾಸಿಯ ಅಭ್ಯಾಸವಿದ್ದ ಅಮ್ಮ ನನ್ನ ಕೈ ಚಿವುಟಿದಳು. ಆದರೂ ಆ ದಿನ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಅದೇ. ಏಕೆಂದರೆ ಅವರು ಆ ಮೊತ್ತವನ್ನು ಹಿಡಿದುಕೊಂಡು ಸೀರೆಯ ಬೆಲೆ ಎಲ್ಲೆಲ್ಲಿ ಏರುತ್ತದೆ, ಎಲ್ಲಿ ಇಳಿಸಬಹುದು ಎಂಬುದನ್ನು ಬಿಡಿಸಿ ಹೇಳಿದರು. ಮೊದಲನೆಯದು ಜರಿ. ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಬಂಗಾರದ ಲೇಪ ಕೊಟ್ಟದ್ದು ಅಸಲಿ ಜರಿ. ತಾಮ್ರದ ತಂತಿಗೆ ಬೆಳ್ಳಿಯ ಲೇಪ ಕೊಟ್ಟು ಮೇಲೆ ಚಿನ್ನದ ಬಣ್ಣ ಹಾಕಿದ್ದು ಟೆಸ್ಟೆಡ್ ಜರಿ. ಪ್ಲಾಸ್ಟಿಕ್ ಹಾಳೆಗೆ ಲೋಹದ ಹೊಳಪು ಕೊಟ್ಟು ಸಣ್ಣಗೆ ಸೀಳಿದ್ದು ಮೂರನೆಯ ಬಗೆ. ನಾನು ಮೆಚ್ಚಿದ ಅಗಲ ಅಂಚಿಗೆ ಅಸಲಿ ಜರಿ ಹಾಕಿದರೆ 26,000 ರೂಪಾಯಿಗೆ ಕಡಿಮೆಯಾಗದು, ಟೆಸ್ಟೆಡ್ ಜರಿಯಾದರೆ ನಮ್ಮ ಲೆಕ್ಕಕ್ಕೆ ಬರುತ್ತದೆ ಎಂದರು. ರೇಷ್ಮೆಯನ್ನು ಬಿಟ್ಟುಕೊಡಬಾರದು, ಜರಿಯನ್ನು ಬಿಟ್ಟುಕೊಡಬಹುದು ಎಂದು ನಾನು ನಿರ್ಧರಿಸಿದ್ದು ಆಗ. ಹೋಮದ ಕಾವಿನೆದುರು ಗಂಟೆಗಟ್ಟಲೆ ಕೂರುವವಳ ಮೈಗೆ ತಾಗುವುದು ಒಡಲಿನ ನೂಲೇ ಹೊರತು ಅಂಚಿನ ಜರಿಯಲ್ಲ.

ಎರಡನೆಯದು ಅಂಚಿನ ನೇಯ್ಗೆ. ನನಗೆ ಬೇಕಿದ್ದದ್ದು ಹಳದಿ ಒಡಲಿಗೆ ಅಚ್ಚ ಕೆಂಪು ಅಂಚು. ಅಂಚಿನ ಕೆಂಪು ಕೆಂಪಾಗಿಯೇ ಉಳಿಯಬೇಕಾದರೆ ಎರಡು ಅಂಚಿಗೆ ಎರಡು, ಒಡಲಿಗೆ ಒಂದು ಎಂದು ಮೂರು ಲಾಳಿ (ಅಡ್ಡ ನೂಲನ್ನು ಒಯ್ಯುವ ಸಾಧನ) ಓಡಬೇಕು. ಆ ಕೆಲಸಕ್ಕೆ ದಿನಗಳೂ ಕೂಲಿಯೂ ಹೆಚ್ಚು. ಒಂದೇ ಲಾಳಿಯಲ್ಲಿ ಹಳದಿ ಹೊಕ್ಕು, ಅಂದರೆ ಅಡ್ಡ ನೂಲು, ಈ ತುದಿಯಿಂದ ಆ ತುದಿಗೆ ಹೋದರೆ ಅಂಚಿನ ಕೆಂಪು ಹಾಸಿನ, ಅಂದರೆ ಉದ್ದ ನೂಲಿನ, ಜೊತೆ ಬೆರೆತು, ಕುಂಕುಮಕ್ಕೆ ಅರಿಶಿನ ಸೋಕಿದಂತಹ ಬಣ್ಣ ಬರುತ್ತದೆ. ಅವರು ಮಗ್ಗದ ಮೇಲಿದ್ದ ಅಂಥದ್ದೊಂದನ್ನು ಬೆಳಕಿಗೆ ತೋರಿಸಿದಾಗ ನನಗೆ ಅಚ್ಚ ಕೆಂಪಿಗಿಂತ ಅದೇ ಹಿಡಿಸಿತು. ಸೋತು ಒಪ್ಪಿಕೊಂಡೆನೋ ನಿಜಕ್ಕೂ ಹಿಡಿಸಿತೋ ಎಂದು ಅಮ್ಮ ಈಗಲೂ ಕೇಳುತ್ತಾಳೆ.

ಒಂದು ಹಾಸಿನಲ್ಲಿ ಹಲವು ಸೀರೆಗಳು ಇಳಿಯುವುದರಿಂದ ನಮ್ಮೊಬ್ಬರಿಗಾಗಿ ಹಾಸಿನ ಬಣ್ಣ ಬದಲಿಸಲು ಅವರಿಗೆ ಗಿಟ್ಟುವುದಿಲ್ಲ. ಆಗಲೇ ಮಗ್ಗಕ್ಕೆ ಏರಿಸಿದ್ದ ಹಳದಿ ಹಾಸನ್ನು ಒಪ್ಪಿಕೊಂಡು, ಸೆರಗಿಗೆ ಕೆಂಪು ಹೊಕ್ಕು, ಅಂಚಿನಲ್ಲಿ ನವಿಲು, ಒಡಲಿನಲ್ಲಿ ಬುಟ್ಟಾ ಬೇಡ ಎಂದು ಹೇಳಿದೆವು. ಎಲ್ಲಿಯೂ ಕಪ್ಪು ನೂಲು ಸೇರಬಾರದೆಂದು ಅಮ್ಮ ಮೂರು ಸಲ ಹೇಳಿದಳು. 12,800 ರೂಪಾಯಿಗೆ ಮಾತಾಯಿತು. 3,000 ಮುಂಗಡ ಕೊಟ್ಟು, ನೂಲು, ಜರಿಯ ಬಗೆ, ಕೈಮಗ್ಗ ಎಂಬ ಮೂರನ್ನೂ ಚೀಟಿಯಲ್ಲಿ ಬರೆಸಿಕೊಂಡೆ. ದಸರಾ ಮುಗಿದ ಮೇಲೆ ನಾನೊಬ್ಬಳೇ ಹೋಗಿ ಸೀರೆ ತಂದೆ. ತರುವ ಮುನ್ನ ಎರಡೆಳೆ ಸುಟ್ಟು ನೋಡಿದ್ದಕ್ಕೆ ಅವರು ಬೇಸರಪಟ್ಟುಕೊಳ್ಳಲಿಲ್ಲ.

ನಿಜವಾದ ತೊಂದರೆ ಎದುರಾದದ್ದು ರವಿಕೆಯಲ್ಲಿ. ಮದುಮಗಳ ರವಿಕೆಯೆಂದರೆ ಸಾಕು, ಟೈಲರುಗಳು ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಇಲ್ಲದೆ ಮಾತೇ ಆಡುವುದಿಲ್ಲ. ನನಗೆ ಹೇಳಿದ ಕನಿಷ್ಠ ದರ 6,500, ಅಂದರೆ ಸೀರೆಯ ಅರ್ಧ ಬೆಲೆ. ಪೆಟ್ಟಿಗೆಯಲ್ಲಿ ಅಮ್ಮನ ಧಾರೆ ಸೀರೆಯಿತ್ತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟಿದ್ದರಿಂದ ಮಡಿಕೆಯ ಗೆರೆಗಳಲ್ಲೆಲ್ಲ ಒಡಲು ಸೀಳಿಹೋಗಿತ್ತು. ಕೆಂಪು ಅಂಚು ಮಾತ್ರ ಗಟ್ಟಿಯಾಗಿತ್ತು, ಅದರ ಬೆಳ್ಳಿ ಜರಿ ಮಾಸಿ ಹಳೆಯ ದೀಪದ ಕಂಬದ ಬಣ್ಣಕ್ಕೆ ತಿರುಗಿತ್ತು. ಧಾರೆ ಸೀರೆಗೆ ಕತ್ತರಿ ತಾಗಿಸಬಾರದೆಂದು ಅಜ್ಜಿ ಪಟ್ಟು ಹಿಡಿದರು. ಹಳೆ ಜರಿ ಕೊಳ್ಳುವವನಿಗೆ ಕೊಟ್ಟರೆ ಅವನು ಸುಟ್ಟು ಬೆಳ್ಳಿ ತೆಗೆಯುವುದಿಲ್ಲವೇ ಎಂದು ಅಮ್ಮ ಕೇಳಿದ ಮೇಲೆ ಸುಮ್ಮನಾದರು. ಕತ್ತರಿ ಹಾಕಿದವಳು ಅಮ್ಮನೇ. ಸೀರೆಯ ಜೊತೆ ಬಂದ ರವಿಕೆ ಕಣದ ತೋಳಿಗೆ ಆ ಅಂಚನ್ನು ಕೂರಿಸಿ, ಲೈನಿಂಗ್ ಸೇರಿಸಿ ಹೊಲಿದುದಕ್ಕೆ 900 ರೂಪಾಯಿ. ಕುಚ್ಚಿಗೆ 350, ಫಾಲ್ ಮತ್ತು ಜಿಗ್‌ಜಾಗ್‌ಗೆ 150. ಉಳಿದ 800 ರೂಪಾಯಿ ಮೊಳಕಾಲ್ಮೂರಿಗೆ ಎರಡು ಸಲ ಹೋಗಿಬಂದ ಬಸ್ಸಿಗೂ ಊಟಕ್ಕೂ ಸರಿಹೋಯಿತು. ಚಪ್ಪರದ ದಿನಕ್ಕೆ ಇಳಕಲ್ ಸೀರೆ ಮನೆಯಲ್ಲೇ ಇತ್ತು. ಆರತಕ್ಷತೆಗೆ ಚಿಕ್ಕಪ್ಪನ ಮಗಳ ಸೀರೆಯನ್ನು ಕೇಳಿ ಪಡೆದು, ಡ್ರೈ ಕ್ಲೀನ್ ಮಾಡಿಸಿ ಹಿಂದಿರುಗಿಸಿದೆ.

ಆಮೇಲೆ ಆ ಸೀರೆಯನ್ನು ನಾಲ್ಕು ಸಲ ಉಟ್ಟಿದ್ದೇನೆ. ಉಟ್ಟ ದಿನ ನೆರಳಿನಲ್ಲಿ ಆರಲು ಬಿಟ್ಟು, ಬಿಳಿ ಪಂಚೆಯಲ್ಲಿ ಸುತ್ತಿಡುತ್ತೇನೆ. ಅಮ್ಮನ ಸೀರೆಯ ಗತಿ ನೋಡಿರುವುದರಿಂದ ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತೇನೆ. ಸೊಂಟದ ಬಳಿ ಬೆವರು ತಾಗಿದ ಕಡೆ ಗೇಣುದ್ದದ ಜರಿ ಆಗಲೇ ತಾಮ್ರದ ಬಣ್ಣಕ್ಕೆ ತಿರುಗಿದೆ. ಹೀಗಾಗಬಹುದೆಂದು ಮೊಳಕಾಲ್ಮೂರಿನ ಹಿರಿಯರು ಮೊದಲೇ ಹೇಳಿದ್ದರು. ನೆರಿಗೆಯನ್ನು ಒಂದು ಸುತ್ತು ಹೆಚ್ಚು ಹಿಡಿದರೆ ಆ ಭಾಗ ಒಳಗೆ ಸೇರಿಕೊಳ್ಳುತ್ತದೆ.