ಮರಿ, ಹ್ಯಾಟೆ, ಹುಂಜಕ್ಕೆ ಒಂದೇ ಮೇವು. ಚಿಪ್ಪು ಬೇರೆ ಡಬ್ಬಿಯಲ್ಲಿ

ಒಂದೇ ಕೋಳಿ ದೊಡ್ಡಿಯಲ್ಲಿ ಮರಿ, ಮೊಟ್ಟೆ ಇಡುವ ಗಿರಿರಾಜ ತಳಿ, ನಾಟಿ ಹ್ಯಾಟೆ, ಹುಂಜ ಎಲ್ಲ ಇದ್ದರೆ ಯಾವ ಚೀಲ ತರುವುದು ಎಂಬುದೇ ತಕರಾರು. "ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಯ ಮೇವು) ಹಾಕ್ರಿ, ಇಲ್ಲಂದ್ರ ಓಡಿಲ್ಲದ ತೊಗಲ ಮೊಟ್ಟಿ ಬೀಳ್ತಾವ" ಎಂದು ಅಂಗಡಿಯವರಿಂದ ಬೀಗರವರೆಗೆ ಎಲ್ಲರ ಮಾತೂ ಒಂದೇ. ನಾನು ಉಲ್ಟಾ ಮಾಡಿದೆ: ನಾಲ್ಕು ವಾರ ದಾಟಿದ ಎಲ್ಲಕ್ಕೂ ಸುಣ್ಣ (ಕ್ಯಾಲ್ಸಿಯಂ) ಕಡಿಮೆಯ ಒಂದೇ ಮೇವು, ಮೊಟ್ಟೆ ಇಡುವವಕ್ಕೆ ಸುಣ್ಣ ಒದಗಿಸುವ ಕಪ್ಪೆಚಿಪ್ಪು ಮಾತ್ರ ಬೇರೆ. ಈಗ ಅದೇ ಬೀಗರು ಚಿಪ್ಪು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ.

ಲೇಯರ್ ಮೇವಿನಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4. ಮರಿಗೆ ಬೇಕಾದ್ದು ಶೇ. 1ರ ಆಸುಪಾಸು. ಹೆಚ್ಚಾದದ್ದು ಮೂತ್ರಪಿಂಡ ಕೆಡಿಸುತ್ತದೆ. ಸತ್ತ ಮರಿ ಕೊಯ್ದರೆ ಗುಂಡಿಗೆ, ಲಿವರ್ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದಂತೆ ಬಿಳಿ. ನೀರು ಸಾಲದಿದ್ದರೂ ಹೀಗೇ ಆಗುತ್ತದೆ. ಮೊದಲು ನೀರಿನ ಕುಡಿಕೆ ನೋಡಿ.

ಕ್ವಿಂಟಲ್‌ಗೆ ನನ್ನ ಲೆಕ್ಕ: ಮೆಕ್ಕೆಜೋಳ 52 ಕಿಲೋ, ತೌಡು 15, ಸೋಯಾ ಹಿಂಡಿ 18, ಶೇಂಗಾ ಹಿಂಡಿ 6, ಸೂರ್ಯಪಾನ (ಸೂರ್ಯಕಾಂತಿ) ಹಿಂಡಿ 6, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ) ಒಂದೂವರೆ, ಸುಣ್ಣಕಲ್ಲಿನ ಪುಡಿ 1, ಉಪ್ಪು 300 ಗ್ರಾಂ, ಮೆಥಿಯೋನಿನ್ (ಪ್ರೋಟೀನಿನ ಒಂದು ಅಂಶ) 100 ಗ್ರಾಂ, ಕೋಳಿಯದೇ ವಿಟಮಿನ್ ಪುಡಿ ಪೊಟ್ಟಣದ ಮೇಲೆ ಬರೆದಷ್ಟು. ಪ್ರೋಟೀನ್ ಶೇ. 18 ದಾಟುತ್ತದೆ. ಗಿರಣಿಯ ಕೂಲಿ ಸೇರಿ ಕಿಲೋಗೆ ಸುಮಾರು 32 ರೂಪಾಯಿ ಬಿದ್ದಿತ್ತು. ಅಂಗಡಿಯ ಸ್ಟಾರ್ಟರ್ (ಮರಿಗಳ ಮೇವು) ಆಗ 40ರ ಹತ್ತಿರ ಇತ್ತು. ದಿನಕ್ಕೆ ದೊಡ್ಡ ಕೋಳಿಗೆ 100–120 ಗ್ರಾಂ ಹಿಡಿಯಿರಿ. ನುಣ್ಣಗೆ ಬೀಸಿಸಬೇಡಿ, ಕೊಕ್ಕಿಗೆ ಮೆತ್ತುತ್ತದೆ. ದಪ್ಪ ಉಳಿದರೆ ಹ್ಯಾಟೆಗಳು ಜೋಳ ಆರಿಸಿ ತಿಂದು ಪುಡಿ ಬಿಡುತ್ತವೆ.

ದುಡ್ಡು ಹಾಳಾಗುವುದು ದಾಸ್ತಾನಿನಲ್ಲಿ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ತೌಡು ಅಗ್ಗ, ಆದರೆ ಎಣ್ಣೆ ತೌಡು ಬೇಸಿಗೆಯಲ್ಲಿ ಎರಡು ವಾರದೊಳಗೆ ಕಮಟು ಹೊಡೆಯುತ್ತದೆ. ಇಡುವುದಾದರೆ ಎಣ್ಣೆ ತೆಗೆದದ್ದನ್ನೇ ಕೊಳ್ಳಿ. ಶೇಂಗಾ ಹಿಂಡಿಗೆ ಮಳೆಗಾಲದಲ್ಲಿ ಬೂಜು. ಅದರ ವಿಷ ಮೊದಲು ತಗಲುವುದು ಮರಿಗೆ. ರಾಯಚೂರು ಕಡೆ ಹತ್ತಿಕಾಳು ಹಿಂಡಿ ಸಸ್ತಾ ಎಂದು ಕೈಹಾಕಬೇಡಿ, ಕೆಲ ದಿನ ಕೂಡಿಟ್ಟ ಮೊಟ್ಟೆಯ ಹಳದಿ ಪಾಚಿ ಬಣ್ಣಕ್ಕೆ ತಿರುಗುತ್ತದೆ.

ಚಿಪ್ಪು 2–4 ಮಿಲಿಮೀಟರ್ ಹರಳು ಇರಬೇಕು. ಪುಡಿ ಬೇಗ ಹಾದುಹೋಗುತ್ತದೆ; ಹರಳು ಕಾಳು ಅರೆಯುವ ಕಲ್ಲುಗುಂಡಿಗೆಯಲ್ಲಿ (ಗಿಜಾರ್ಡ್) ನಿಂತು ರಾತ್ರಿ ಕರಗುತ್ತದೆ, ಮೊಟ್ಟೆಯ ಓಡು ಕಟ್ಟುವುದೂ ರಾತ್ರಿಯೇ. ಡಬ್ಬಿಯನ್ನು ಸಂಜೆ ತುಂಬಿ, ಮರಿಗೆ ಎಟುಕದ ಎತ್ತರಕ್ಕೆ ತೂಗುಹಾಕಿ. ಮೊದಮೊದಲು ಹ್ಯಾಟೆಗಳು ಅದರತ್ತ ಸುಳಿಯುವುದಿಲ್ಲ. ರೂಢಿ ಮಾಡಿಸುವ ಉಪಾಯವನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಾಲ್ಕು ವಾರದ ಒಳಗಿನ ಮರಿಗೆ ಮಾತ್ರ ಅಂಗಡಿ ಸ್ಟಾರ್ಟರ್, ದೊಡ್ಡವು ನುಗ್ಗದಂತೆ ಎರಡೂವರೆ ಇಂಚು ಸಂದಿನ ಕಟಕಟೆಯೊಳಗೆ. ಏಕೆಂದರೆ ಮನೆಯ ಮಿಶ್ರಣದಲ್ಲಿ ಮರಿಗಳ ರಕ್ತಭೇದಿ ತಡೆಯುವ ಔಷಧ ಇರುವುದಿಲ್ಲ.

ಅರ್ಧ ಮೆಕ್ಕೆಜೋಳ ಬಿಟ್ಟು ಸಜ್ಜೆ ಹಾಕಿಯೂ ನೋಡಿದೆ: ತೂಕಕ್ಕೆ ಕಸರಿಲ್ಲ, ಹಳದಿ ಮಾತ್ರ ಪೇಲವ. ನುಗ್ಗೆಸೊಪ್ಪು ಕೊಟ್ಟರೆ ಬಣ್ಣ ವಾಪಸು. ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಮೇವಿನ ಗಿಡ) ಹೊಂಡ ನಮ್ಮ ಬಿಸಿಲಲ್ಲಿ ನೆರಳುಪರದೆ ಕಟ್ಟಿದರೂ ತಾಳುವುದಿಲ್ಲ, ಮೇಲಾಗಿ ಗಿಡದ ತೂಕದಲ್ಲಿ ಮುಕ್ಕಾಲಿಗೂ ಮಿಕ್ಕಿ ನೀರೇ. ಏಪ್ರಿಲ್, ಮೇನಲ್ಲಿ ನಡುಹಗಲು ಮೇವು ಬೇಡ; ನಸುಕಿಗೆ ಅರ್ಧ, ಐದು ಗಂಟೆಯ ಮೇಲೆ ಅರ್ಧ.