ಶಿಬಿರ ಮುಗಿಸಿ ಊರಿಗೆ ಬಂದ ಮೇಲೆ

ಧ್ಯಾನ ಶಿಬಿರಕ್ಕೆ ಹೋಗಿ ಬಂದ ಎಷ್ಟೋ ಜನ ಹೇಳುವುದು ಇದನ್ನೇ: ಅಲ್ಲಿದ್ದಾಗ ಮನಸ್ಸು ಹಗುರಾಗಿತ್ತು, ಮನೆಗೆ ಬಂದು ವಾರ ಕಳೆಯುವುದರೊಳಗೆ ಎಲ್ಲ ಮೊದಲಿನ ಹಾಗೇ. ಶಿಬಿರದಲ್ಲಿ ಕಲಿತದ್ದನ್ನು ದಿನಾ ಮಾಡುವ ಒಂದು ಕೆಲಸಕ್ಕೆ ಸೇರಿಸಿಕೊಂಡರೆ ಮಾತ್ರ ಅದು ಉಳಿಯುತ್ತದೆ ಅನ್ನುವುದು ನನ್ನ ಅನುಭವ.

ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಪ್ಪ ತೀರಿಕೊಂಡ ಮೇಲೆ ನನಗೆ ಯಾವ ಕೆಲಸದಲ್ಲೂ ಅರ್ಥ ಕಾಣುತ್ತಿರಲಿಲ್ಲ. ಸ್ನೇಹಿತರೊಬ್ಬರು ಹೇಳಿದ್ದಕ್ಕೆ ವಿಪಶ್ಯನ ಶಿಬಿರಕ್ಕೆ ಹೋದೆ. ಎಸ್.ಎನ್. ಗೋಯಂಕಾ ಅವರು ಬರ್ಮಾದಲ್ಲಿ ಕಲಿತು, 1969ರಿಂದ ಭಾರತದಲ್ಲಿ ಕಲಿಸಿದ ಪದ್ಧತಿ ಅದು. 10 ದಿನದ ಶಿಬಿರ, ಕೊನೆಯ ದಿನದವರೆಗೂ ಮೌನ. ಬೆಳಗಿನ ಜಾವ 4ಕ್ಕೆ ಗಂಟೆ ಹೊಡೆಯುತ್ತಾರೆ. ಫೋನ್ ಇಲ್ಲ, ಪುಸ್ತಕ ಇಲ್ಲ. ಶುಲ್ಕವೂ ಇಲ್ಲ, ಹಿಂದೆ ಕಲಿತವರು ಕೊಟ್ಟ ದಾನದಲ್ಲೇ ಎಲ್ಲ ನಡೆಯುತ್ತದೆ. ಮೊದಲ ಮೂರು ದಿನ ಆನಾಪಾನ, ಅಂದರೆ ಮೂಗಿನ ಹತ್ತಿರ ಉಸಿರು ಬಂದು ಹೋಗುವುದನ್ನು ಸುಮ್ನೆ ಗಮನಿಸುವುದು. ಆಮೇಲೆ ನೆತ್ತಿಯಿಂದ ಪಾದದವರೆಗೆ ಇಡೀ ಮೈಯನ್ನು ಗಮನಿಸುತ್ತಾ ಹೋಗಬೇಕು, ಮಂಡಿ ನೋಯಲಿ, ನವೆ ಬರಲಿ, ಬೇಕು ಬೇಡ ಅನ್ನದೆ. ಅಲುಗದೆ ಇರುವುದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ, ಅಲ್ವಾ? ಶ್ರವಣಬೆಳಗೊಳದ ಗೊಮ್ಮಟನ ಕಾಲು, ತೋಳಿಗೆಲ್ಲ ಬಳ್ಳಿ ಹಬ್ಬಿದೆ, ಕಾಲ ಪಕ್ಕದಲ್ಲೇ ಹುತ್ತ.

ಮನೆಯಲ್ಲೂ ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಕೂರಿ ಎಂದು ಹೇಳಿ ಕಳಿಸುತ್ತಾರೆ. ಕೊಯ್ಲಿನ ಕಾಲದಲ್ಲಿ ತೋಟದವರಿಗೆ ಅದು ಆಗುವ ಮಾತಲ್ಲ. ಬೆಳಗಿನದನ್ನು ಬಿಡಲಿಲ್ಲ. ಸಂಜೆಯದನ್ನು ಕಾಫಿ ಒಣಗಿಸುವ ಕಣಕ್ಕೆ ತಂದುಕೊಂಡೆ.

ರೊಬಸ್ಟಾ ಕಾಫಿಯ ಹಣ್ಣನ್ನು ಕಣದಲ್ಲಿ ತೆಳ್ಳಗೆ ಹರಡಿ, ದಿನಾ ಕೆದಕಿ ತಿರುವಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಬೇಕು. ಈ ಕೆಲಸವನ್ನು ಈಗ ನಾನೇ ಮಾಡುತ್ತೇನೆ, ಮಾತಿಲ್ಲದೆ. ಬಿಸಿಲು ಕುಡಿದ ಸಿಮೆಂಟಿನ ಬಿಸಿ ಅಂಗಾಲಿಗೆ ತಾಗುತ್ತದೆ. ಹಣ್ಣಿನ ಹುಳಿ ವಾಸನೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಬೇಕು, ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ. ಅಪ್ಪ ಹಾಗೇ ಮಾಡುತ್ತಿದ್ದರು. ಅವರ ನೆನಪು ಬಂದು ಗಂಟಲು ಕಟ್ಟುತ್ತದೆ, ಆಗ ಅದನ್ನು ತಳ್ಳುವುದಿಲ್ಲ, ಹಿಡಿದುಕೊಂಡು ಕೂರುವುದೂ ಇಲ್ಲ, ಗಂಟಲಲ್ಲಿ ಏನಾಗುತ್ತಿದೆ ಎಂದು ಗಮನಿಸುತ್ತಾ ಕೆಲಸ ಮುಂದುವರಿಸುತ್ತೇನೆ. ಸ್ವಲ್ಪ ಹೊತ್ತಿಗೆ ಸಡಿಲಾಗುತ್ತದೆ. ಅಪ್ಪನ ಜೊತೆ ಇದ್ದೇನೆ ಅನ್ನಿಸುವುದು ನನಗೆ ಅಲ್ಲೇ. ದೇವರ ಕೋಣೆಯಲ್ಲೂ ಅಷ್ಟು ಅನ್ನಿಸಿಲ್ಲ.

ನೀವು ಕಣ ಕೆದಕಬೇಕೆಂದಿಲ್ಲ. ಪಾತ್ರೆ ತೊಳೆಯುವುದಾದರೂ ಆಗುತ್ತದೆ. ಒಂದೇ ಕೆಲಸ ಆರಿಸಿ, ದಿನಾ ಅದನ್ನೇ ಮಾಡಿ. ಶಿಬಿರ ಹುಡುಕುವಾಗ ಮನೆಗೆ ಬಂದು ಮಾಡಲು ಏನು ಕಲಿಸುತ್ತಾರೆ ಎಂದು ಮೊದಲು ಕೇಳಿ. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಹೋಗಿ, ಅರ್ಜಿಯಲ್ಲೂ ಮುಚ್ಚಿಡಬೇಡಿ. ತೋಟದವರಾದರೆ ಮಳೆ ಜೋರಾಗಿರುವ ತಿಂಗಳು ನೋಡಿಕೊಳ್ಳಿ, ಆಗ ಕೆಲಸ ಕಡಿಮೆ, ಮನೆಯವರೂ ಸುಲಭವಾಗಿ ಕಳಿಸಿಕೊಡುತ್ತಾರೆ.